ಹೆಣ್ಣಿಲಿಯ ಮಿದುಳು, ಅಮ್ಮನ ಮರೆವು

ಪ್ರಶ್ನೆ: ಹೆಣ್ಣಿಲಿಗಳ ಮಿದುಳಿನಲ್ಲಿ ಆಲ್‌ಝೈಮರ್ ಪ್ರೋಟೀನ್ ಗಂಡಿಲಿಗಳಿಗಿಂತ ಹೆಚ್ಚು ಸೇರುತ್ತದೆ ಎಂದು ಓದಿದೆ. ನಮ್ಮ ಅಜ್ಜಿಗೆ ಅರಳುಮರಳಾಗಿತ್ತು. ಈಗ ಅಮ್ಮ ಒಲೆ ಮೇಲೆ ಹಾಲಿಟ್ಟು ಮರೆಯುತ್ತಾರೆ. ಈ ಕಾಯಿಲೆ ಹೆಂಗಸರಿಗೇ ಹೆಚ್ಚಾ? (ತೀರ್ಥಹಳ್ಳಿ ಕಡೆಯ ಓದುಗರು)

ನೀವು ಓದಿದ್ದು ನಿಜ. ಆದರೆ ಅದನ್ನು ಅಮ್ಮನ ಮೇಲೆ ಹೊರಿಸಬೇಡಿ.

ಇಲಿಗೆ ತಾನಾಗಿ ಆಲ್‌ಝೈಮರ್ ಬರುವುದಿಲ್ಲ. ಕೆಲವೇ ಮನೆತನಗಳಲ್ಲಿ ನಡುವಯಸ್ಸಿಗೇ ಈ ಕಾಯಿಲೆ ತರುವ ಮನುಷ್ಯರ ಜೀನ್ ದೋಷಗಳನ್ನು ಇಲಿಯೊಳಗೆ ಸೇರಿಸುತ್ತಾರೆ. 2006ರಲ್ಲಿ ಬಂದ 5ಎಕ್ಸ್‌ಫ್ಯಾಡ್ ತಳಿಯಲ್ಲಿ ಅಂಥವು ಐದಿವೆ. ಎರಡು ತಿಂಗಳಿಗೆಲ್ಲ ಅದರ ಮಿದುಳಿನಲ್ಲಿ ನೀವು ಓದಿದ ಆ ಪ್ರೋಟೀನ್, ಅಂದರೆ ಅಮಿಲಾಯ್ಡ್ ಬೀಟಾ, ಗಡ್ಡೆಗಟ್ಟಲು ಶುರುವಾಗುತ್ತದೆ, ಹೆಣ್ಣಿಲಿಯಲ್ಲಿ ಹೆಚ್ಚು.

ಮಳೆಗಾಲದಲ್ಲಿ ತೋಟದ ಬಸಿಗಾಲುವೆ ಕಟ್ಟಿಕೊಂಡರೆ ನಾವು ಕೇಳುವುದು ಎರಡೇ: ಸೋಗೆ ಜಾಸ್ತಿ ಬಿತ್ತಾ, ಇಲ್ಲಾ ಹೂಳು ತೆಗೆಯಲಿಲ್ಲವಾ? ಇಲ್ಲೂ ಅದನ್ನೇ ಕೇಳಬೇಕು: ಪ್ರೋಟೀನ್ ತಯಾರಾಗುವುದೇ ಜಾಸ್ತಿಯಾ, ಇಲ್ಲಾ ತೆರವಾಗುತ್ತಿಲ್ಲವಾ? 5ಎಕ್ಸ್‌ಫ್ಯಾಡ್‌ನಲ್ಲಿ ಆ ಜೀನ್‌ಗಳನ್ನು ಓಡಿಸಲು ಜೋಡಿಸಿದ ಸ್ವಿಚ್ಚಿನಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿಗೆ ಸ್ಪಂದಿಸುವ ತುಣುಕೊಂದಿದೆ. ಹಾಗಾಗಿ ಹೆಣ್ಣಿಲಿಯಲ್ಲಿ ಪ್ರೋಟೀನ್ ತಯಾರಾಗುವುದೇ ಹೆಚ್ಚು. ಆ ವ್ಯತ್ಯಾಸದ ಒಂದು ಪಾಲು ಪ್ರಯೋಗಾಲಯ ಕಟ್ಟಿಕೊಟ್ಟದ್ದು. ಅದನ್ನು ಹೆಣ್ತನದ ಗುಣವೆನ್ನಲಾಗದು. ಸುದ್ದಿಗಳಲ್ಲಿ ಈ ಮಾತು ಬಿಟ್ಟುಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಾಗೆಂದು ಎಲ್ಲವೂ ಸ್ವಿಚ್ಚಿನ ಕೆಲಸವಲ್ಲ. ಇನ್ನೊಂದು ತಳಿಯ ಹೆಣ್ಣಿಲಿಗಳ ಅಂಡಾಶಯ ತೆಗೆದಾಗ ಅಮಿಲಾಯ್ಡ್ ಏರಿತು, ಈಸ್ಟ್ರೋಜನ್ ಕೊಟ್ಟಾಗ ಇಳಿಯಿತು. ಅಂದರೆ ಅಲ್ಲಿ ಅದೇ ಹಾರ್ಮೋನು ಕಾಪಾಡುತ್ತಿತ್ತು. ಆಲ್‌ಝೈಮರ್‌ನಲ್ಲಿ ಮಿದುಳಿನಲ್ಲಿ ಸೇರುವ ಟೌ ಎಂಬ ಇನ್ನೊಂದು ಪ್ರೋಟೀನಿನ ಕಥೆಯಲ್ಲಿ ಹೂಳಿನ ಪ್ರಶ್ನೆಯೇ ಮುಖ್ಯ. ವಿಲೇವಾರಿಗೆಂದು ಟೌಗೆ ಅಂಟಿಸಿದ ಗುರುತನ್ನು ಯುಎಸ್‌ಪಿ11 ಎಂಬ ಕಿಣ್ವ ಕಿತ್ತುಹಾಕುತ್ತದೆ, ಟೌ ಉಳಿದುಬಿಡುತ್ತದೆ. ಆ ಕಿಣ್ವದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಹೆಣ್ಣಿನಲ್ಲಿ ಅದು ಹೆಚ್ಚು ತಯಾರಾಗುತ್ತದೆ ಎಂದು 2022ರ ಅಧ್ಯಯನ ತೋರಿಸಿತು. ಆದರೆ ಎರಡನೇ ಎಕ್ಸ್ (ಹೆಣ್ಣಿಗೆ ಎರಡು, ಗಂಡಿಗೆ ಒಂದು) ಇದ್ದ ಇಲಿಗಳೇ ಹೆಚ್ಚು ಕಾಲ ಬದುಕಿದವು ಎಂದು 2020ರ ಅಧ್ಯಯನವೊಂದು ಹೇಳಿತ್ತು. ಕೆಲವು ಟೌ ತಳಿಗಳಲ್ಲಂತೂ ಗಂಡಿಲಿಗಳಿಗೇ ಹಾನಿ ಜಾಸ್ತಿ.

ಮನುಷ್ಯರಲ್ಲಿ? ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ ಡಿಮೆನ್ಶಿಯಾ (ಆಲ್‌ಝೈಮರ್ ಸೇರಿದಂತೆ ಮರೆವು ತರುವ ಕಾಯಿಲೆಗಳು) ಇದೆ ಎಂದು ಅಂದಾಜು, ಹೆಂಗಸರಲ್ಲಿ ಹೆಚ್ಚು. ಅವರು ಹೆಚ್ಚು ವರ್ಷ ಬದುಕುತ್ತಾರೆ ಎಂಬುದು ಒಂದು ಕಾರಣ. ಇನ್ನೊಂದು ಶಾಲೆ. ಓದು ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಮಳೆಗಾಲದಲ್ಲಿ ಹೊಳೆ ದಾಟಿ ಹೋಗಬೇಕೆಂದು ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದ ಹುಡುಗಿಯರೇ ನಮ್ಮ ಎಷ್ಟೋ ಮನೆಗಳ ಅಜ್ಜಿಯರು. ಇದನ್ನು ಯಾವ ಇಲಿಯೂ ತೋರಿಸಲಾರದು.

ಅಜ್ಜಿಗಿತ್ತು ಎಂದಮಾತ್ರಕ್ಕೆ ಅಮ್ಮನಿಗೂ ಬರಲೇಬೇಕೆಂದಿಲ್ಲ. ಮೊದಲು ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕಿವಿ ಕೇಳುತ್ತದೆಯೇ, ನಿದ್ದೆ ಬರುತ್ತದೆಯೇ, ಮನಸ್ಸು ಕುಗ್ಗಿದೆಯೇ ನೋಡಿ. ಇವುಗಳಿಂದಲೂ ಮರೆವು ಬರುತ್ತದೆ, ಇವುಗಳಿಗೆ ಚಿಕಿತ್ಸೆಯೂ ಇದೆ.

ಹಾಲು ಉಕ್ಕಿಹೋಗುವುದು ಎಲ್ಲರ ಮನೆಯಲ್ಲೂ ಇದೆ. ಆದರೆ ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈ, ಕಾಯಿಯನ್ನು ಹೇಗೆ ಹಿಡಿಯಬೇಕೆಂದು ತಡವರಿಸಿದರೆ, ಸುಗ್ಗಿ ಮುಗಿಯಲಿ ಎಂದು ಕಾಯದೆ ಆ ವಾರವೇ ಶಿವಮೊಗ್ಗಕ್ಕೆ ಕರೆದುಕೊಂಡು ಬಂದು ನರರೋಗ ತಜ್ಞರಿಗೆ ತೋರಿಸಿ.