ಕೆಲವರು ಬಿದ್ದರೂ ಬೇಗ ಏಳುತ್ತಾರೆ, ನನಗ್ಯಾಕೆ ಆಗುತ್ತಿಲ್ಲ?

ಓದುಗರ ಪ್ರಶ್ನೆ: ಓದು ಮುಗಿಸಿದ ಹೊತ್ತಿಗೆ ನಾನು ಕಲಿತ ವಿಷಯಕ್ಕೆ ಬೇಡಿಕೆಯೇ ಕಡಿಮೆಯಾಯಿತು. ಸಿಕ್ಕ ಮೊದಲ ಕೆಲಸವೂ ಹೋಯಿತು. ಹತ್ತಿರದವರು ಅಂದುಕೊಂಡವರು ದೂರವಾದರು. ನನ್ನ ಜೊತೆಯವರಿಗೂ ಇಂಥದ್ದೇ ಪೆಟ್ಟು ಬಿದ್ದಿದೆ, ಆದರೆ ಕೆಲವರು ಆಗಲೇ ಎದ್ದು ನಿಂತಿದ್ದಾರೆ. ಮನಸ್ಸಿನ ಗಟ್ಟಿತನ ಹುಟ್ಟಿನಿಂದ ಬರುವುದಾ? ನನ್ನಲ್ಲಿ ಅದು ಇಲ್ಲವೇ ಇಲ್ಲವಾ?

ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಬಹಳ ಜನ ಕೇಳುತ್ತಾರೆ. ಒಬ್ಬರಿಗೆ ಪರೀಕ್ಷೆ ಕೈಕೊಟ್ಟಿರುತ್ತದೆ, ಇನ್ನೊಬ್ಬರಿಗೆ ಮನೆಯ ಆಧಾರವೇ ಹೋಗಿರುತ್ತದೆ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಜಾಗದಲ್ಲಿ: ತಪ್ಪು ನನ್ನೊಳಗೇ ಇದೆಯಾ?

ಇಲ್ಲ. ಸ್ವಭಾವದ ಪಾಲು ಸ್ವಲ್ಪ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕೆಲವರು ಚಿಕ್ಕಂದಿನಿಂದಲೂ ಸಮಾಧಾನಿಗಳು, ಕೆಲವರು ಬೇಗ ಕಲಕಿಹೋಗುವವರು. ಆದರೆ ಕಷ್ಟದಲ್ಲಿ ಬೆಳೆದವರನ್ನು ದಶಕಗಟ್ಟಲೆ ಗಮನಿಸಿದ ಅಧ್ಯಯನಗಳನ್ನು ಓದಿದರೆ ಕಣ್ಣಿಗೆ ಬೀಳುವುದು ಬೇರೆ ಸಂಗತಿಗಳು. ಆ ಹೊತ್ತಿನಲ್ಲಿ ಅವರ ಜೊತೆ ಯಾರಿದ್ದರು? ಅವರಿಂದ ಯಾರಿಗಾದರೂ ಏನಾದರೂ ಕೆಲಸ ಆಗುತ್ತಿತ್ತಾ? ಮತ್ತೊಂದು ಅವಕಾಶ ಅವರಿಗೆ ಯಾವಾಗ ಸಿಕ್ಕಿತು?

ಹವಾಯಿಯ ಕೌಅಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ತಂಡ ಆ ಮಕ್ಕಳ 40ನೇ ವಯಸ್ಸಿನವರೆಗೂ ಗಮನಿಸುತ್ತಾ ಬಂತು. ಅವರಲ್ಲಿ ಸುಮಾರು ಮೂರನೇ ಒಂದು ಭಾಗದ ಮಕ್ಕಳ ಬದುಕು ಶುರುವಿನಲ್ಲೇ ಬಿಕ್ಕಟ್ಟಿನಲ್ಲಿತ್ತು. ಬಡತನ, ಹೆರಿಗೆ ಸಮಯದ ತೊಂದರೆ, ಮನೆಯೊಳಗಿನ ಜಗಳ, ತಂದೆ ಅಥವಾ ತಾಯಿಯ ಕುಡಿತ ಇಲ್ಲವೇ ಮಾನಸಿಕ ಕಾಯಿಲೆ, ಇಂಥವು ಒಂದೆರಡಲ್ಲ, ನಾಲ್ಕೈದು ಒಟ್ಟಿಗೇ ಇದ್ದವು. ಹೀಗೆ ಬೆಳೆದವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು 18 ತುಂಬುವಷ್ಟರಲ್ಲಿ ಕಲಿಕೆಯಲ್ಲೋ ನಡವಳಿಕೆಯಲ್ಲೋ ತೊಂದರೆಗೆ ಸಿಲುಕಿದ್ದರು. ಉಳಿದ ಮೂರನೇ ಒಂದು ಪಾಲು, ಅಂದರೆ 72 ಮಂದಿ, ಚೆನ್ನಾಗಿಯೇ ಬೆಳೆದರು.

ಆ 72 ಜನರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿ ಎಂದರೆ, ನಂಬಬಹುದಾದ ಒಬ್ಬ ದೊಡ್ಡವರು ಇದ್ದರು. ಅಜ್ಜಿ, ಅತ್ತೆ, ಟೀಚರ್, ಪಕ್ಕದ ಮನೆಯವರು, ಯಾರೋ ಒಬ್ಬರು. ಹೆತ್ತವರೇ ಆಗಬೇಕೆಂದೇನೂ ಇರಲಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಉಳಿದವರ ಕಥೆ. 18ರಲ್ಲಿ ಎಡವಿದ್ದ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ 30, 40ರ ವಯಸ್ಸಿಗೆ ಬರುವಷ್ಟರಲ್ಲಿ ಚೇತರಿಸಿಕೊಂಡಿದ್ದರು. ಯಾರೋ ಬಿಟ್ಟಿದ್ದ ಓದನ್ನು ದೊಡ್ಡವರಾದ ಮೇಲೆ ಮುಂದುವರಿಸಿದ್ದರು. ಯಾರೋ ಸೈನ್ಯ ಸೇರಿ ಒಂದು ಕಸುಬು ಕಲಿತಿದ್ದರು. ಕೆಲವರಿಗೆ ಒಳ್ಳೆಯ ಸಂಗಾತಿ ಸಿಕ್ಕಿದ್ದರು. 20ರ ಆಸುಪಾಸಿನಲ್ಲಿ ನಿಂತು "ನಾನು ಏಳಲಿಲ್ಲ" ಎಂದು ಷರಾ ಬರೆದುಕೊಳ್ಳುವುದು ಎಷ್ಟು ಅವಸರದ ತೀರ್ಮಾನ, ನೋಡಿ. ನಿಮ್ಮ ಗೆಳೆಯರು ಆಗಲೇ ಎದ್ದಿರಬಹುದು. ನೀವು ಇನ್ನೂ ನಡುವಿನಲ್ಲಿದ್ದೀರಿ, ಅಷ್ಟೇ.

"ಕಷ್ಟ ಬಂದಷ್ಟೂ ಮನುಷ್ಯ ಗಟ್ಟಿಯಾಗುತ್ತಾನೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ನಿಜವಾಗಿದ್ದರೆ ಕೌಅಯಿಯ ಮೂರರಲ್ಲಿ ಎರಡು ಪಾಲು ಮಕ್ಕಳು ಅಷ್ಟು ಒದ್ದಾಡುತ್ತಿರಲಿಲ್ಲ. ಕಷ್ಟ ತಾನಾಗಿ ಯಾರನ್ನೂ ಬೆಳೆಸುವುದಿಲ್ಲ. ಕಷ್ಟದ ಹೊತ್ತಿನಲ್ಲಿ ಏನು ಜೊತೆಗಿತ್ತು ಎನ್ನುವುದು ಬೆಳೆಸುತ್ತದೆ. ನೋವಿನಲ್ಲಿರುವವರಿಗೆ "ಇದೆಲ್ಲ ಒಳ್ಳೆಯದಕ್ಕೇ" ಎಂದು ಹೇಳುವವರು ದಯವಿಟ್ಟು ಸ್ವಲ್ಪ ಯೋಚಿಸಿ ಮಾತಾಡಲಿ.

ಇನ್ನು ನಿಮ್ಮ ಪ್ರಶ್ನೆಯ ಇನ್ನೊಂದು ಭಾಗ. ನಿಮ್ಮ ಪೆಟ್ಟು ಪೂರ್ತಿ ನಿಮ್ಮದೇ ಅಲ್ಲ. ಅದರಲ್ಲಿ ಕಾಲದ ಪಾಲೂ ಇದೆ. ಓದಿದ ವಿಷಯಕ್ಕೆ ಬೇಡಿಕೆ ಬಿದ್ದುಹೋಗುವುದು ನಿಮ್ಮ ಕೈಯಲ್ಲಿತ್ತಾ? 2020ರಲ್ಲಿ ಕೊರೊನಾ ಬಂದಾಗ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆ ಕಾಲೇಜುಗಳು ಮುಚ್ಚಿದವು, ಸುಮಾರು 150 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿ ಕೂತರು. ಆ ವರ್ಷಗಳಲ್ಲಿ ಹಿಂದೆ ಬಿದ್ದವರಲ್ಲಿ ಎಷ್ಟೋ ಜನ ಇವತ್ತಿಗೂ ಅದನ್ನು ತಮ್ಮ ಸೋಮಾರಿತನ ಎಂದೇ ನಂಬಿದ್ದಾರೆ.

ಕೆನಡಾದಲ್ಲಿ ಆರ್ಥಿಕ ಹಿಂಜರಿತದ ಹೊತ್ತಿಗೆ ಪದವಿ ಮುಗಿಸಿ ಹೊರಬಂದವರ ಸಂಬಳವನ್ನು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಆ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಒಳ್ಳೆಯ ಕಾಲದಲ್ಲಿ ಹೊರಬಂದವರಿಗಿಂತ ಇವರ ಶುರುವಿನ ಸಂಪಾದನೆ ಸುಮಾರು ಶೇ. 9ರಷ್ಟು ಕಡಿಮೆ ಇತ್ತು. ಓದಿನಲ್ಲಾಗಲಿ ಬುದ್ಧಿಯಲ್ಲಾಗಲಿ ಇವರೇನೂ ಕಡಿಮೆ ಇದ್ದವರಲ್ಲ, ಹೊರಬಂದ ವರ್ಷ ಕೆಟ್ಟದಿತ್ತು. ಆ ಅಂತರ ಮುಚ್ಚಿಕೊಳ್ಳಲು ಹತ್ತು ವರ್ಷದ ಹತ್ತಿರ ಹಿಡಿಯಿತು. ಹೇಗೆ ಮುಚ್ಚಿತು ಗೊತ್ತಾ? ಹೆಚ್ಚಿನವರು ಸಿಕ್ಕಿದ ಸಣ್ಣ ಜಾಗದಲ್ಲಿ ಶುರು ಮಾಡಿ, ಕಾಲ ಸುಧಾರಿಸಿದಂತೆ ಒಂದು ಕಂಪನಿಯಿಂದ ಇನ್ನೂ ಒಳ್ಳೆಯ ಕಂಪನಿಗೆ ಹೋಗುತ್ತಾ ಮೇಲೆ ಬಂದರು. ಹಾಗಾಗಿ ಮೊದಲು ಸಿಗುವ ಕೆಲಸ ನಿಮ್ಮ ಯೋಗ್ಯತೆಗೆ ಕಡಿಮೆ ಅನಿಸಿದರೂ ಅದನ್ನು ಹಣೆಬರಹ ಅಂದುಕೊಳ್ಳಬೇಡಿ. ಹೊರಗೆ ನೋಡುವುದನ್ನು ಮಾತ್ರ ನಿಲ್ಲಿಸಬೇಡಿ.

ಹಾಗಂತ ಎಲ್ಲವನ್ನೂ ಕಾಲದ ತಲೆಗೆ ಕಟ್ಟಿ ಕೂರುವುದೂ ಉಪಯೋಗಕ್ಕೆ ಬರುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಆಗಿದ್ದರಲ್ಲಿ ಯಾವುದು ನನ್ನಿಂದ ಆಯಿತು, ಯಾವುದು ನನ್ನನ್ನು ಕೇಳದೆಯೇ ಆಯಿತು. ಮೊದಲನೆಯದರಲ್ಲಿ ಸರಿಮಾಡಬಹುದಾದದ್ದು ಖಂಡಿತ ಏನಾದರೂ ಇರುತ್ತದೆ. ಎರಡನೆಯದರ ಹೊರೆಯನ್ನು ನೀವು ಸುಮ್ನೆ ಹೊತ್ತಿದ್ದೀರಿ.

ಕಾಲದ ಹೊಡೆತ ಯುವಜನರನ್ನು ಹೇಗೆ ತಟ್ಟುತ್ತದೆ ಎಂದು ಅತ್ಯಂತ ಹತ್ತಿರದಿಂದ ನೋಡಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್. 1929ರಲ್ಲಿ ಶುರುವಾದ ಮಹಾ ಆರ್ಥಿಕ ಕುಸಿತದಲ್ಲಿ ಅಲ್ಲಿ 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಎಲ್ಡರ್ ಎರಡು ಗುಂಪಿನ ಮಕ್ಕಳ ದಾಖಲೆಗಳನ್ನು ಅಭ್ಯಾಸ ಮಾಡಿದರು. ಒಂದು ಗುಂಪು ಓಕ್‌ಲ್ಯಾಂಡಿನದು, 1920-21ರಲ್ಲಿ ಹುಟ್ಟಿದವರು. ಇನ್ನೊಂದು ಪಕ್ಕದ ಬರ್ಕ್ಲಿಯದು, 1928-29ರಲ್ಲಿ ಹುಟ್ಟಿದವರು. ಹೊಡೆತ ಒಂದೇ, ಅದು ಬಿದ್ದ ವಯಸ್ಸು ಬೇರೆ. ಬರ್ಕ್ಲಿಯ ಹುಡುಗರು ಇನ್ನೂ ತೀರಾ ಚಿಕ್ಕವರು. ಆದಾಯ ಕಳೆದುಕೊಂಡು ಜಗಳದಲ್ಲಿ ಬೇಯುತ್ತಿದ್ದ ಮನೆಯನ್ನು ನೋಡುತ್ತಾ ಕೂರುವುದು ಬಿಟ್ಟು ಅವರಿಗೆ ಬೇರೆ ದಾರಿ ಇರಲಿಲ್ಲ. ಅವರು ಜಾಸ್ತಿ ನಲುಗಿದರು.

ಓಕ್‌ಲ್ಯಾಂಡಿನವರು ಆಗ ಹತ್ತು ಹನ್ನೆರಡು ದಾಟಿದವರು. ಆ ಹುಡುಗರು ಶಾಲೆ ಬಿಟ್ಟ ಮೇಲೆ ಸಣ್ಣಪುಟ್ಟ ಕೆಲಸ ಮಾಡಿ ಮನೆಗೆ ಕಾಸು ತಂದರು. ಹುಡುಗಿಯರು ಮನೆಗೆಲಸದ ದೊಡ್ಡ ಪಾಲು ಹೊತ್ತರು. ಮಕ್ಕಳು ಹೀಗೆ ದುಡಿಯಬೇಕು ಎಂದು ಖಂಡಿತ ಹೇಳುತ್ತಿಲ್ಲ. ಗಮನಿಸಬೇಕಾದದ್ದು ಏನೆಂದರೆ, "ನಾನಿಲ್ಲದಿದ್ದರೆ ಇವತ್ತು ಮನೆ ನಡೆಯುವುದಿಲ್ಲ" ಎಂಬ ಅರಿವು ಅವರನ್ನು ಹಿಡಿದು ನಿಲ್ಲಿಸಿತು. ನಲುಗಿದ್ದ ಬರ್ಕ್ಲಿಯ ಹುಡುಗರಲ್ಲೂ ಅನೇಕರು ಮುಂದೆ ಸೈನ್ಯ ಸೇರಿ, ಅಲ್ಲಿಂದ ಬಂದು ಓದಿ, ನಡುವಯಸ್ಸಿನ ಹೊತ್ತಿಗೆ ಸರಿಸಮಕ್ಕೆ ಬಂದರು. ಆ ಕಾಲದಲ್ಲಿ ಸೈನ್ಯದಿಂದ ಬಂದವರ ಓದಿಗೆ ಹಣ ಎಲ್ಲಿಂದ ಬಂತು? ಸೈನ್ಯದಿಂದ ಮರಳಿದವರಿಗಾಗಿ 1944ರಲ್ಲಿ ಸರ್ಕಾರ ಒಂದು ಕಾನೂನು ತಂದಿತ್ತು. ಅದರಡಿ 1956ರವರೆಗೆ ಸುಮಾರು 78 ಲಕ್ಷ ಜನ ಓದು ಅಥವಾ ತರಬೇತಿ ಪಡೆದರು. ಇಷ್ಟೊಂದು ಜನ ಒಬ್ಬೊಬ್ಬರೇ ಛಲದಿಂದ ಎದ್ದವರಲ್ಲ, ಏಳಲು ಕೈಹಿಡಿಯುವ ವ್ಯವಸ್ಥೆ ಇತ್ತು. ಯುವಜನರಿಗೆ ಧೈರ್ಯದ ಭಾಷಣ ಮಾಡುವವರು ಈ ಲೆಕ್ಕವನ್ನು ನೆನಪಿಡಬೇಕು. ಶುಲ್ಕ ಕಟ್ಟಲಾಗದವರಿಗೆ ಮರಳಿ ಓದುವ ದಾರಿ ಇಲ್ಲದೆ ಹೋದರೆ, ಅವರ ಮನೋಬಲದ ಬಗ್ಗೆ ಮಾತಾಡುವ ಹಕ್ಕು ನಮಗಿಲ್ಲ.

ಈಗ ನಿಮ್ಮ ಇವತ್ತಿನ ದಿನಕ್ಕೆ ಬರೋಣ. ಕೆಲಸ ಹೋದ ಮೇಲಿನ ಒಂದು ಬೆಳಿಗ್ಗೆ ಹೇಗಿರುತ್ತದೆ? ಹತ್ತು ಗಂಟೆಯಾದರೂ ಹಾಸಿಗೆಯಲ್ಲೇ. ಮೊಬೈಲ್ ತೆರೆದರೆ ಹಳೆಯ ಗೆಳೆಯರ ಗುಂಪಿನಲ್ಲಿ ಯಾರಿಗೋ ಹೊಸ ಕೆಲಸ ಸಿಕ್ಕಿದೆ, ಸಾಲಾಗಿ ಅಭಿನಂದನೆಗಳು. ನೀವೂ ಒಂದು ಚಪ್ಪಾಳೆ ಹಾಕುತ್ತೀರಿ. ಆಮೇಲೆ ಗುಂಪನ್ನು ಮ್ಯೂಟ್ ಮಾಡುತ್ತೀರಿ. ಹಳೆಯ ಸಹೋದ್ಯೋಗಿಯ "ಹೇಗಿದ್ದೀರಿ?" ಮೆಸೇಜು ನಾಲ್ಕು ದಿನದಿಂದ ಹಾಗೇ ಇದೆ. ಉತ್ತರ ಕೊಟ್ಟರೆ ಈಗೇನು ಮಾಡುತ್ತಿದ್ದೀರಿ ಎಂದು ಕೇಳುತ್ತಾರಲ್ಲ. ಅದಕ್ಕೇ ತೆರೆದಿಲ್ಲ.

ನಾಚಿಕೆ ಕೆಲಸ ಮಾಡುವುದು ಹೀಗೆ. ತೀರಾ ಹತ್ತಿರದವರಿಂದ ನಮ್ಮನ್ನು ದೂರ ಮಾಡುವುದಿಲ್ಲ, ಸ್ವಲ್ಪ ದೂರದ ಪರಿಚಯಗಳನ್ನು ಮೊದಲು ಕತ್ತರಿಸುತ್ತದೆ. ಆದರೆ ಮರಳಿ ಏಳಲು ಬೇಕಾಗುವುದು ಅವರೇ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಮಾತಾಡಿಸಿ 1973ರಲ್ಲಿ ಅದರ ಬಗ್ಗೆ ಬರೆದರು. ಕೆಲಸದ ಸುದ್ದಿ ಕೊಟ್ಟವರನ್ನು ಆಗಾಗ ಭೇಟಿ ಮಾಡುತ್ತಿದ್ದವರು ಆರು ಜನರಲ್ಲಿ ಒಬ್ಬರು ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಅಪರೂಪಕ್ಕೋ ಯಾವಾಗಲೋ ಒಮ್ಮೆಯೋ ಸಿಗುವವರಿಂದ. ಕಾರಣ ಸರಳ. ಹತ್ತಿರದವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ, ದೂರದವರು ಬೇರೆ ಕಡೆ ಓಡಾಡುತ್ತಾರೆ. ಆ ನಾಲ್ಕು ದಿನದ ಮೆಸೇಜಿಗೆ ಇವತ್ತೇ ಉತ್ತರ ಬರೆಯಿರಿ. ಉದ್ದ ಬೇಡ. "ಕೆಲಸ ಹೋಯಿತು, ಹುಡುಕುತ್ತಿದ್ದೇನೆ. ಏನಾದರೂ ಕಿವಿಗೆ ಬಿದ್ದರೆ ಹೇಳಿ" ಅಂದರೆ ಸಾಕು.

ಜೊತೆಗೆ, ವಾರಕ್ಕೆ ಒಮ್ಮೆಯಾದರೂ ಇನ್ನೊಬ್ಬರಿಗೆ ನೀವು ಬೇಕಾಗುವಂಥ ಒಂದು ಕೆಲಸ ಒಪ್ಪಿಕೊಳ್ಳಿ. ಮಗುವಿಗೆ ಲೆಕ್ಕ ಹೇಳಿಕೊಡುವುದು, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಏನಾದರೂ ಆಗಬಹುದು. ಸಂಬಳ ಬರಬೇಕೆಂದಿಲ್ಲ. ನೀವು ಹೋಗದಿದ್ದರೆ ಯಾರೋ ಕಾಯುತ್ತಾರೆ ಅನ್ನುವಂತಿರಬೇಕು. ಓಕ್‌ಲ್ಯಾಂಡಿನ ಮಕ್ಕಳಿಗೆ ಸಿಕ್ಕಿದ್ದು ಇದೇ.

"ಈ ನೋವು ಯಾವತ್ತೂ ಹೋಗಲ್ಲ" ಅನಿಸುತ್ತದೆ ಅಲ್ವಾ? ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಗಿಲ್ಬರ್ಟ್, ತಿಮೋತಿ ವಿಲ್ಸನ್ ಮತ್ತವರ ಜೊತೆಗಾರರು 1998ರಲ್ಲಿ ಇದನ್ನೇ ಪರೀಕ್ಷಿಸಿದರು. ಪ್ರೀತಿ ಮುರಿದರೆ, ಬಯಸಿದ ಹುದ್ದೆ ಕೈತಪ್ಪಿದರೆ ಎಷ್ಟು ಕಾಲ ಕೊರಗುತ್ತೇವೆ ಎಂದು ಜನ ಮಾಡುವ ಊಹೆ ನಿಜಕ್ಕಿಂತ ಜಾಸ್ತಿಯೇ ಇತ್ತು. ನೋವು ಸುಳ್ಳು ಎಂದು ಇದರ ಅರ್ಥ ಅಲ್ಲ. ಅದು ಎಷ್ಟು ದಿನ ಇರುತ್ತದೆ ಎಂದು ಲೆಕ್ಕ ಹಾಕುವಾಗ ನಾವೆಲ್ಲರೂ ತಪ್ಪುತ್ತೇವೆ.

ಆದರೆ ಒಂದು ಗೆರೆ ಇದೆ. ಎರಡು ವಾರಕ್ಕೂ ಮೀರಿ ದಿನವಿಡೀ ಮಂಕು ಕವಿದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನಿಸಿದರೆ, ಡಾಕ್ಟರನ್ನೋ ಕೌನ್ಸೆಲರನ್ನೋ ನೋಡಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವುದು ಬೇಡ. ಈಗಲೇ ಯಾರಿಗಾದರೂ ಹೇಳಿ, ಸಹಾಯವಾಣಿಗೆ ಕರೆ ಮಾಡಿ, ಒಬ್ಬರೇ ಇರಬೇಡಿ. ಖಿನ್ನತೆಗೆ ಚಿಕಿತ್ಸೆ ಇದೆ, ಅದು ಗಟ್ಟಿತನದ ಪರೀಕ್ಷೆ ಅಲ್ಲ.

ಇದನ್ನು ಓದುತ್ತಿರುವ ಗೆಳೆಯರಿಗೆ, ಅಣ್ಣ ಅಕ್ಕಂದಿರಿಗೆ, ಹೆತ್ತವರಿಗೆ ಒಂದು ಮಾತು. "ಹೇಗಿದ್ದೀಯ?" ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ನಿಮಗೆ ನಿಜವಾಗಿ ಬೇಕಾದ ಒಂದು ಸಹಾಯ ಕೇಳಿ. "ನಾಳೆ ಸಾಮಾನು ಸಾಗಿಸಬೇಕು, ಒಂದು ಗಂಟೆ ಬರ್ತೀಯಾ?" ಎಂದು ಕೇಳಿ. ಕೆಲಸ ಮಾಡುತ್ತಾ ಜೊತೆಗಿದ್ದಾಗ ಮಾತು ತಾನಾಗಿ ಬರುತ್ತದೆ. ಬಂದಾಗ ಬುದ್ಧಿ ಹೇಳದೆ ಕೇಳಿಸಿಕೊಳ್ಳಿ. ಆಗಲ್ಲ ಎಂದರೆ ಬೇಸರ ಮಾಡಿಕೊಳ್ಳದೆ, ಮುಂದಿನ ವಾರ ಇನ್ನೊಂದು ಕೆಲಸಕ್ಕೆ ಕರೆಯಿರಿ.