‘ಕನ್ನಡ’ದ ಉದ್ದ ಎಷ್ಟು?

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಕೇಳಿದರೆ ಒಂದನೇ ತರಗತಿಯ ಮಗುವೂ ಮೂರು ಎನ್ನುತ್ತದೆ. ಅದೇ ಪ್ರಶ್ನೆಯನ್ನು ಯುಟಿಎಫ್-8 (ಬರಹವನ್ನು ಬೈಟುಗಳಾಗಿ ಉಳಿಸಿಡುವ ಒಂದು ವಿಧಾನ) ಬಳಸುವ ಡೇಟಾಬೇಸಿಗೆ ಹಾಕಿ ನೋಡಿ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಉದ್ದ ಹೇಳುವ ‘ಲೆಂತ್’ ಫಂಕ್ಷನ್ 15 ಎನ್ನುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಅದೇ ಹೆಸರಿನ ಫಂಕ್ಷನ್ 5 ಎನ್ನುತ್ತದೆ. ಲೆಕ್ಕ ಯಾವುದೂ ತಪ್ಪಿಲ್ಲ. ಒಂದೊಂದೂ ಎಣಿಸುತ್ತಿರುವ ವಸ್ತು ಬೇರೆ.

ಎಲ್ಲ ಲಿಪಿಗಳ ಚಿಹ್ನೆಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಈ ಪದವನ್ನು ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಡ ಎಂದು ಬಿಡಿಸಿ ಇಡುತ್ತದೆ. ಹೀಗೆ ಸಂಖ್ಯೆ ಪಡೆದ ಒಂದೊಂದು ಘಟಕವೂ ಒಂದು ಕೋಡ್ ಪಾಯಿಂಟ್; ಇಲ್ಲಿರುವುದು 5. ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಹಾಗಾಗಿ ಒಟ್ಟು 15. ಎಡದಿಂದ 3 ‘ಕ್ಯಾರೆಕ್ಟರ್’ ಕೊಡು ಎಂದರೆ ಪೂರ್ತಿ ಪದ ಬರುವುದಿಲ್ಲ, ‘ಕನ್’ ಬರುತ್ತದೆ.

ಇಂಗ್ಲಿಷಿನಲ್ಲಿ ಒಂದು ಅಕ್ಷರವೆಂದರೆ ಒಂದು ಕೋಡ್ ಪಾಯಿಂಟ್, ಒಂದು ಬೈಟ್. ಮೂರೂ ಎಣಿಕೆ ಒಂದೇ ಆಗುವುದರಿಂದ ಡೇಟಾಬೇಸಿನ ಕೈಪಿಡಿಯಲ್ಲಿ ‘ಕ್ಯಾರೆಕ್ಟರ್’ ಎಂಬ ಅಸ್ಪಷ್ಟ ಪದ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಅದರ ಪೆಟ್ಟು ಬೀಳುವುದು ನಮ್ಮಂಥ ಭಾಷೆಗಳವರಿಗೆ. ಆರಕಲ್ ಎಂಬ ಡೇಟಾಬೇಸಿನಲ್ಲಿ ಹೆಸರಿನ ಕಾಲಮ್ಮಿಗೆ 20 ಎಂದು ಮಿತಿ ಕೊಟ್ಟರೆ, ಬೇರೆ ಏನನ್ನೂ ಹೇಳದಿದ್ದಾಗ ಅದು ಸಾಮಾನ್ಯವಾಗಿ 20 ಬೈಟ್. ರೋಮನ್ ಲಿಪಿಯ ಮಂಜುನಾಥ ಅದರಲ್ಲಿ ಆರಾಮಾಗಿ ಕೂರುತ್ತಾನೆ. ಕನ್ನಡದ ‘ಮಂಜುನಾಥ’ 4 ಅಕ್ಷರ, 7 ಕೋಡ್ ಪಾಯಿಂಟ್, 21 ಬೈಟ್: ಒಂದೇ ಒಂದು ಬೈಟ್ ಹೆಚ್ಚಾಗಿ ಹೆಸರು ತಿರಸ್ಕೃತವಾಗುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿ ಪರೀಕ್ಷಿಸಿದವರಿಗೆ ಇದು ಗೊತ್ತೇ ಆಗಿರುವುದಿಲ್ಲ.

ಈ ವಿಷಯದಲ್ಲಿ ಮೈಎಸ್‌ಕ್ಯೂಎಲ್ ಕೈಪಿಡಿ ನನಗೆ ಬಹಳ ಇಷ್ಟ. ‘ಲೆಂತ್’ ಬೈಟುಗಳಲ್ಲಿ ಅಳೆಯುತ್ತದೆ ಎಂದು ಮೊದಲ ವಾಕ್ಯದಲ್ಲೇ ಹೇಳಿ, ತಲಾ 2 ಬೈಟಿನ ಐದು ಕ್ಯಾರೆಕ್ಟರುಗಳಿಗೆ ಅದು 10 ಎಂದೂ ‘ಕ್ಯಾರ್_ಲೆಂತ್’ 5 ಎಂದೂ ಉತ್ತರಿಸುತ್ತದೆ ಎಂದು ತೋರಿಸಿಕೊಡುತ್ತದೆ. ಆದರೂ ‘ಲೆಂತ್’ ಎಂಬ ಹೆಸರಿನ ಗೊಂದಲ ಉಳಿದೇ ಇದೆ. ‘ಆಕ್ಟೆಟ್_ಲೆಂತ್’ ಎಂಬ ಫಂಕ್ಷನ್ ಇದಕ್ಕಿಂತ ವಾಸಿ: ಆಕ್ಟೆಟ್ ಎಂದರೆ 8 ಬಿಟ್‌ಗಳ ಗುಂಪು, ಅಂದರೆ ಒಂದು ಬೈಟ್; ಅಳತೆಯ ಮಾನ ಹೆಸರಿನಲ್ಲೇ ಇದೆ.

ಕನ್ನಡದಲ್ಲಿ ಕೈಪಿಡಿ ಬರೆಯುವವರು ಇಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು. ‘ಕ್ಯಾರೆಕ್ಟರ್’ ಕಂಡಲ್ಲೆಲ್ಲ ‘ಅಕ್ಷರ’ ಎಂದು ಬರೆದರೆ, 5 ಎಂದು ಉತ್ತರಿಸುವ ಫಂಕ್ಷನ್ನಿನಿಂದ ಓದುಗ 3 ನಿರೀಕ್ಷಿಸುತ್ತಾನೆ. ಅಂಥ ಕಡೆ ‘ಕೋಡ್ ಪಾಯಿಂಟ್’ ಎಂದೇ ಬರೆದು, ಪಕ್ಕದಲ್ಲಿ ಒತ್ತಕ್ಷರವಿರುವ ಒಂದು ಉದಾಹರಣೆ ಕೊಡುವುದು ಒಳ್ಳೆಯದು.