ರನ್ನಿಂಗ್ ಬ್ಯಾಕ್ ಅಂದರೆ ಯಾರು?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಎದೆಗೆ ಅವಚಿಕೊಂಡು ಎದುರಾಳಿಗಳ ನಡುವೆಯೇ ನುಗ್ಗಿ ಓಡುವವನು ರನ್ನಿಂಗ್ ಬ್ಯಾಕ್. ಹೆಸರು ಫುಟ್‌ಬಾಲ್ ಆದರೂ ಇಲ್ಲಿ ಚೆಂಡು ಕೈಯಲ್ಲೇ ಇರೋದು ಜಾಸ್ತಿ.

10 ಯಾರ್ಡ್ ಮುಂದೆ ಹೋಗಲು ತಂಡಕ್ಕೆ 4 ಅವಕಾಶ ಸಿಗುತ್ತದೆ. ದಾಳಿ ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಚೆಂಡನ್ನು ದೂರಕ್ಕೆ ಎಸೆಯಬಹುದು, ಇಲ್ಲವೇ ಪಕ್ಕದಲ್ಲೇ ಇರುವ ರನ್ನಿಂಗ್ ಬ್ಯಾಕ್ ಕೈಗೆ ಕೊಡಬಹುದು. ಒಂದು ಓಟಕ್ಕೆ 4 ಯಾರ್ಡ್ ಬಂದರೂ ಒಳ್ಳೆಯದೇ. ಆದರೆ ಹೆಚ್ಚಿನ ಓಟಗಳು ಮುಗಿಯುವುದು ಯಾರೋ ಹಿಡಿದು ನೆಲಕ್ಕೆ ಕೆಡವಿದಾಗ. ಕೆಡವುವವರಲ್ಲಿ 130 ಕಿಲೋ ದಾಟಿದವರೂ ಇರುತ್ತಾರೆ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಅತಿ ಹೆಚ್ಚು ಓಡಿದ ದಾಖಲೆ ಎಮಿಟ್ ಸ್ಮಿತ್ ಅವರದು. 1990ರಿಂದ 2004ರವರೆಗೆ 4,409 ಸಲ ಓಡಿ 18,355 ಯಾರ್ಡ್ ಗಳಿಸಿದರು. ಲೆಕ್ಕ ಹಾಕಿದರೆ 17 ಕಿಲೋಮೀಟರ್ ಕೂಡ ಆಗಲ್ಲ! ಅಷ್ಟು ದೂರಕ್ಕೆ 15 ಸೀಸನ್ ಪೆಟ್ಟು ತಿನ್ನಬೇಕಾಯಿತು.

ಅಷ್ಟು ಕಾಲ ಉಳಿಯುವವರು ಕಡಿಮೆ. ಜಿಮ್ ಬ್ರೌನ್ 9 ಸೀಸನ್ ಆಡಿ, 30ನೇ ವಯಸ್ಸಿಗೇ ಬಿಟ್ಟರು. ಬ್ಯಾರಿ ಸ್ಯಾಂಡರ್ಸ್‌ಗೆ ಆಗಿನ ದಾಖಲೆ ಮುಟ್ಟಲು 1,457 ಯಾರ್ಡ್ ಬಾಕಿ ಇತ್ತು. 1999ರಲ್ಲಿ ತಮ್ಮ ಊರಿನ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ಸುಮ್ನೆ ಹೊರಟುಬಿಟ್ಟರು.

ಈ ಕೆಲಸದ ನಿಜವಾದ ತೊಡಕು ದುಡ್ಡಿನದು. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ. ಅದರಲ್ಲಿ ಆಯ್ಕೆಯಾದವರ ಮೊದಲ ಒಪ್ಪಂದ 4 ವರ್ಷದ್ದು. ಎಷ್ಟನೆಯವರಾಗಿ ಆಯ್ಕೆಯಾದರು ಅನ್ನುವುದರ ಮೇಲೆ ಸಂಬಳ ಹೆಚ್ಚುಕಮ್ಮಿ ನಿಗದಿಯಾಗಿರುತ್ತದೆ. ಆಮೇಲೂ ‘ಫ್ರಾಂಚೈಸ್ ಟ್ಯಾಗ್’ ಹಾಕಿ ಆಟಗಾರನನ್ನು ಇನ್ನೊಂದು ವರ್ಷ ಹಿಡಿದಿಡಬಹುದು. ಕಾಲಿಗೆ ಕಸುವಿರುವ ವರ್ಷಗಳು ಅಷ್ಟರಲ್ಲೇ ಕಳೆದಿರುತ್ತವೆ. ದೊಡ್ಡ ಒಪ್ಪಂದ ಕೇಳುವ ಹೊತ್ತಿಗೆ ‘ವಯಸ್ಸಾಯಿತು’ ಅಂತ ತಂಡ ಹಿಂಜರಿಯುತ್ತದೆ. ಇದು ಅನ್ಯಾಯ ಅಲ್ವಾ?

ಸೇಕ್ವಾನ್ ಬಾರ್ಕ್ಲಿ ಕತೆಯೂ ಹೀಗೇ ಸಾಗಿತ್ತು. 2018ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಅವರನ್ನು ಇಡೀ ಡ್ರಾಫ್ಟ್‌ನಲ್ಲೇ ಎರಡನೆಯವರಾಗಿ ಆರಿಸಿಕೊಂಡಿತು. 2020ರಲ್ಲಿ ಮೊಣಕಾಲಿಗೆ ದೊಡ್ಡ ಗಾಯವಾಯಿತು. 2023ರಲ್ಲಿ ಟ್ಯಾಗ್ ಬಿತ್ತು. ಮರುವರ್ಷ ಫಿಲಡೆಲ್ಫಿಯಾ ಈಗಲ್ಸ್ ಸೇರಿ, ಒಂದೇ ಸೀಸನ್‌ನಲ್ಲಿ 2,005 ಯಾರ್ಡ್ ಓಡಿದರು. 1984ರಲ್ಲಿ ಎರಿಕ್ ಡಿಕರ್ಸನ್ ಮಾಡಿದ 2,105ರ ದಾಖಲೆ ಮುರಿಯಲು 101 ಯಾರ್ಡ್ ಸಾಕಿತ್ತು, ಒಂದು ಪಂದ್ಯವೂ ಉಳಿದಿತ್ತು. ಲೀಗ್ ಪಂದ್ಯಗಳ ನಂತರದ ನಾಕೌಟ್ ಹಂತವಾದ ಪ್ಲೇಆಫ್‌ಗೆ ಕಾಲು ಉಳಿಯಲಿ ಅಂತ ಕೋಚ್ ಅವರನ್ನು ಆಡಿಸಲಿಲ್ಲ. ಈಗಲ್ಸ್ ಆ ಸೀಸನ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು, ದಾಖಲೆ ಡಿಕರ್ಸನ್ ಹೆಸರಿನಲ್ಲೇ ಉಳಿಯಿತು.